ಇಪ್ಪತ್ತು ಕಿಲೋ

ಹತ್ತಿ ಮಿಲ್ಲಿನ ಹಳೇ ಗೋದಾಮು, ಗಂಜ್ ರೋಡು, ರಾಯಚೂರು.
ಬೆಳಗಿನ ಐದೂವರೆಗೇ ತಗಡು ಬೆಚ್ಚಗೆ.
ಒಳಗೆ ಹನ್ನೊಂದು ಮಂದಿ, ಒಂದು ಟ್ರ್ಯಾಕ್ಟರ್ ಟೈರು, ಹಗ್ಗ,
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ:
ಬೈಠಕ್ ಇಪ್ಪತ್ತು, ಬರ್ಪಿ ಹತ್ತು, ಚೀಲ ಹೊತ್ತು ಓಟ,
ಐದು ಸುತ್ತು.

"ಹೊಸಬರು ಮೂರೇ ಮಾಡ್ರಿ," ಅಂದಳು ಕೋಚ್ ಶಾಹೀನ್,
ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು.
"ಬೆನ್ನು ಬಗ್ಗಿಸಬ್ಯಾಡ್ರಿ ಅಕ್ಕಾರ, ಮೊಣಕಾಲು ಬಗ್ಗಿಸ್ರಿ."

ಬರ್ಪಿ ಅಂದರೆ ಇಷ್ಟೇ:
ನೆಲಕ್ಕೆ ಬೀಳುವುದು, ಏಳುವುದು, ಎದ್ದ ಮೇಲೆ
ಯಾಕೆ ಎದ್ದೆನೋ ಎಂದು ಒಮ್ಮೆ ಜಿಗಿಯುವುದು.

ನಾಲ್ಕನೆಯದಕ್ಕೇ ಕಣ್ಣಿಗೆ ಕತ್ತಲೆ.
ಆಮೇಲೆ ಚೀಲ.
ಒಳಗೆ ಮರಳು; ಮೇಲಿನ ಮುದ್ರೆ ನಮ್ಮದೇ ರೈಸ್ ಮಿಲ್ಲಿನದು.
ಹತ್ತೊಂಬತ್ತು ವರ್ಷ ಇದನ್ನೇ ಬರೆದಿದ್ದೇನೆ
ಲಾರಿ ನಂಬರು, ಚೀಲ ಎಷ್ಟು, ಹಮಾಲಿ ಎಷ್ಟು
ಒಂದನ್ನೂ ಮುಟ್ಟದೆ.

ಮರುದಿನ ಆಫೀಸಿನ ಮೆಟ್ಟಿಲಲ್ಲಿ ಕಾಲು ಮಡಚಲಾರದೆ
ಏಡಿಯಂತೆ ಪಕ್ಕಕ್ಕೆ ಇಳಿಯುವಾಗ ಯಂಕಪ್ಪ ನೋಡಿದ.
ಹೇಳಿದೆ. ತಿಂಗಳಿಗೆ ಎಷ್ಟು ಕಟ್ಟುತ್ತೇನೆಂದೂ ಹೇಳಿದೆ.
"ಚೀಲ ಹೊರಾಕ ನೀವೇ ರೊಕ್ಕ ಕೊಡ್ತೀರೇನ್ರೀ?"
ನಗು ತಡೆಯದೆ ಟವೆಲ್ಲು ಬಾಯಿಗೆ ಒತ್ತಿದ.
ಆಮೇಲೆ, ಮೆಲ್ಲಗೆ:
"ಮೊದಲು ಉಸರು ಎತ್ರಿ. ಚೀಲ ಅದರ ಹಿಂದ ಬರ್ತದ."

ಇವತ್ತು ಲೆಡ್ಜರಿನಲ್ಲಿ
ಮೂವತ್ತೇಳರ ಮುಂದೆ ಪೆನ್ನು ನಿಂತಿತು.
ಮೂವತ್ತೆಂಟಕ್ಕೆ ಅವನು ಉಸಿರು ಎತ್ತುತ್ತಿದ್ದ.
ನಾನೂ.