ಕುಣಿಮಗ್ಗದ ಮನಿಯಾಗ ಹೋನಿಂಗ್

ಬೆಟಗೇರಿಯ ತುಳಜಣಸಾ ಬಾಕಳೆ ಅವರ ಗ್ಯಾರೇಜಿನ್ಯಾಗ
ನೆಲದಾಗ ಒಂದು ಕುಣಿ ಐತಿ.
ಹೊಸಬರು ಎಡವತಾರ.
ಅವರವ್ವ ಅದರಾಗ ಕಾಲು ಇಳಿಬಿಟ್ಟು
ನಲವತ್ತು ವರ್ಷ ಸೀರಿ ನೇದಾಕಿ.
ಮಗ್ಗ ಹೋತು, ಕುಣಿ ಮುಚ್ಚಲಿಲ್ಲ.
ಮಾಸ್ತರು ಅದೇ ಅಂಚಿಗೆ ಕುಂತು
ಪಿಸ್ಟನ್ ರಿಂಗಿನ ಬಾಯಿಗೆ ಅರ ಹಾಕತಿದ್ರು,
ಫೀಲರ್ ಗೇಜಿನ ಎಲಿ ತೂರಿಸಿ ನೋಡತಿದ್ರು:
ಬಿಗಿ. ಇನ್ನೆರಡು ಎಳತ. ಹಾಂ.

ಅವತ್ತು ಬಂದಿದ್ದು ಮುಳಗುಂದದ ಇಮಾಮಹುಸೇನ ನದಾಫನ ಟೆಂಪೋ,
ಹತ್ತಿ ಅಂಡಿಗಿ ಹೊರೂ ಗಾಡಿ.
ಏರ್ ಫಿಲ್ಟರ್ ಹರದು ಆರು ತಿಂಗಳು,
ಎರಿಮಣ್ಣಿನ ಧೂಳೆಲ್ಲಾ ಸೀದಾ ಹೊಟ್ಟಿಗೆ.
"ಆಯಿಲ್ ಕುಡಿಯೂದು ಅದು, ಖಾತೆ ನಂದ್ರೀ," ಅಂದ.
ಹಿಂದ ನೀಲಿ ಹೊಗಿ ಇನ್ನೂ ಓಣಿ ಬಿಟ್ಟು ಹೋಗಿದ್ದಿಲ್ಲ.

ಹೆಡ್ ಬಿಚ್ಚಿದ್ವಿ. ನಾಕು ಬೋರು, ನಾಕು ಬತ್ತಿದ ಬಾವಿ.
ಮಾಸ್ತರಿಗೆ ಎರಡೂ ಕಣ್ಣಿಗೆ ಪೊರಿ,
ಟಾರ್ಚ್ ಹಿಡದ್ರ ಬೈತಿದ್ರು.
ಕಿರುಬೆರಳಿನ ಉಗುರು ಗೋಡಿಗಿಟ್ಟು ಮೆಲ್ಲಕ ಇಳಿಸಿದ್ರು.
ಉಗುರು ಸಿಕ್ಕಿಬಿದ್ರ ಬೋರಿಂಗ್, ಜಾರಿದ್ರ ಹೋನಿಂಗ್,
ಅವರ ಲೆಕ್ಕ ಇಷ್ಟ.
ಮೂರನೇದರಾಗ ಉಗುರು ನಿಂತಿತು.
ನದಾಫನ ಬೀಡಿ ತುಟಿಮ್ಯಾಲ ನಿಂತಿತು.
"ಮಸಿ," ಅಂದ್ರು. ಕೆರದ್ರು. ಬೆರಳು ಇಳೀತು.

ಮೂರು ಕಲ್ಲಿನ ಹೋನು ನನ್ನ ಕೈಗೆ ಕೊಟ್ಟಿದ್ದು ಅದೇ ಮೊದಲು.
ಡ್ರಿಲ್ಲಿಗೆ ಸಿಗಿಸಿ, ಸೀಮೆಎಣ್ಣಿ ಬಿಟಗೋಂತ
ತಿರುವಿದೆ, ಒಂದೇ ಕಡೆ ಮನಸಿಟ್ಟು ತಿರುವಿದೆ,
ಗೋಡಿ ಫಳಫಳ.
ಬರಲಿಕ್ಕಿನ್ನೂ ಎರಡು ವರ್ಷಿದ್ದ ಮೀಸಿ ಅದರಾಗ ಕಂಡಂಗಾತು.
"ಕನ್ನಡಿ ಆಗೇತಿ ನೋಡ್ರಿ ಮಾಸ್ತರ!"
"ಕನ್ನಡಿ ಬೇಕಾದ್ರ ಕಟಿಂಗ್ ಅಂಗಡಿಗೆ ಹೋಗು.
ಇಲ್ಲೆ ಎಣ್ಣಿ ಎಲ್ಲಿ ನಿಲ್ಲಬೇಕು, ಹೇಳು?"

ನನ್ನ ಕೈಮ್ಯಾಲ ಕೈ ಇಟ್ಟರು.
"ತಿರಗೂದು ಡ್ರಿಲ್ಲಿನ ಕೆಲಸ.
ನಿಂದು ಏರೂದು, ಇಳಿಯೂದು. ನಿಂತಿ, ಕೆಟ್ಟಿ."
ಮ್ಯಾಲ, ಕೆಳಗ, ಮ್ಯಾಲ, ಕೆಳಗ,
ಅವರ ಕಾಲು ತಾನ ತಾಳ ಹಾಕತಿತ್ತು
ಇಲ್ಲದ ಪಾವಡಿ ತುಳದಂಗ.
ಹೋನು ಹೊರಗ ಬಂದಾಗ ಗೋಡಿ ಮಂಕು, ಬೂದು,
ಓರಿ ಗೆರಿ ಮ್ಯಾಲ ಓರಿ ಗೆರಿ,
ಹಾಸು ಈ ಕಡೆ ವಾಲಿ, ಹೊಕ್ಕು ಆ ಕಡೆ ವಾಲಿ.
ಕಬ್ಬಿಣ ನೇದಂಗ ಐತ್ರಿ ಅಂದೆ.
ಸಿಟ್ಟಿಗೆದ್ರು.
"ನೇದ ಬಟ್ಟಿ ತೊಳೀದಿದ್ರ ಮಾಸತೈತಿ. ಇದು ತೊಳೀದಿದ್ರ ಸಾಯತೈತಿ.
ನೀರು ಕಾಸು."

ಬಿಸಿನೀರು, ಸೋಪಿನ ಪುಡಿ, ಬ್ರಷ್ಷು.
ಆಮ್ಯಾಲ ನಾಗಂದಿಗಿಮ್ಯಾಲಿಂದ ಒಂದು ಬಿಳಿ ಸುರುಳಿ ತಗದ್ರು,
ಅವ್ವ ಕಡೀಕ ಮಗ್ಗದಿಂದ ಕೊಯ್ದಿದ್ದು, ಅಂಚಿಲ್ಲ, ಬಣ್ಣಿಲ್ಲ.
ಅಂಗೈಯಷ್ಟು ಹರದು ಕೊಟ್ಟರು. ಒರಿಸು.
ಮೊದಲ ತುಂಡು ಡಾಂಬರು.
ಮೂರನೇದು ಒಲಿ ಬೂದಿ.
ಆರನೇದಕ್ಕ ರಾತ್ರಿ ಹತ್ತು ಹೊಡದಿತ್ತು,
ನದಾಫ ಅಂಡಿಗಿಗೆ ಒರಗಿ ಗೊರಕಿ ಹೊಡೀತಿದ್ದ.
"ಬಣ್ಣ ಹೇಳು," ಅಂದ್ರು.
"ಬಿಳಿ."

ತುಂಡು ಇಸಗೊಂಡು ಕಿವಿ ಹತ್ರ ಹಿಡದು
ಎರಡು ಬೆರಳಾಗ ತಿಕ್ಕಿದ್ರು.
ನನಗೂ ಕೇಳಿಸಿತು. ಕರಕ್.
ಏನೂ ಅನಲಿಲ್ಲ. ಸ್ಟೋವಿಗೆ ಪಂಪ್ ಹೊಡದ್ರು.

ಹನ್ನೊಂದನೇ ತುಂಡಿಗೆ ನಾ ಬಣ್ಣ ಹೇಳಲಿಲ್ಲ,
ಅವರ ಕೈಯಾಗ ಇಟ್ಟೆ.
ತಿಕ್ಕಿದ್ರು. ಬಾಳೊತ್ತು ಕೇಳಿದ್ರು.
ಸುರುಳಿಯಾಗ ಇನ್ನ ಒಂದು ಗೇಣು ಉಳದಿತ್ತು,
ಮಡಚಿ ವಾಪಸ್ ಇಟ್ಟರು, ಕೈ ತಮ್ಮ ಧೋತರಕ್ಕ ಒರಿಸಿಗೊಂಡ್ರು.
"ಎಣ್ಣಿ ಹಚ್ಚು ಲಗೂ. ಬರೀ ಕಬ್ಬಿಣ
ಬೆಳಗಾಗೂದ್ರಾಗ ಕೆಂಪಾಗತೈತಿ."

ಹಚ್ಚಿದೆ.
ಜಾರಲಿಲ್ಲ. ಗೆರಿ ಗೆರಿಯಾಗ ನಿಂತಿತು.