ಒಂದು ಹನಿ ಹೊಲಿಗೆಯಂತ್ರದ ಎಣ್ಣೆ

ಕೆಮಿಯಲ್ಲಿ ಜನವರಿ. ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಒಳಗೆ ಅಡುಗೆಮೇಜಿನ ಮೇಲೆ, ಬ್ರೆಡ್ಡು ಕೊಯ್ಯುವ ಹಲಗೆಯ ಪಕ್ಕ
ಹೊಟ್ಟೆ ಬಿಚ್ಚಿಕೊಂಡು ಮಲಗಿದೆ ತೊಂಬತ್ತೊಂಬತ್ತರ ಪೆಟ್ಟಿಗೆ,
ಬೀಡಿ ಸೇದುವವನ ಹಲ್ಲಿನ ಹಳದಿ.

ಕಾರ್ಡು ಕೊಂಡದ್ದು ತೋರ್ನಿಯೋದ ಪೆಟ್ರೋಲ್ ಬಂಕಿನಲ್ಲಿ
ಕೌಕೋ ಎಂಬವನಿಂದ. ಎಣ್ಣೆಕಾಗದದಲ್ಲಿ ಸುತ್ತಿ ತಂದಿದ್ದ,
ಮೀನು ಕೊಡುವ ಹಾಗೆ.
"ಓಡುತ್ತದಾ?" ಅಂದೆ.
"ಎರಡು ಸಾವಿರದ ಮೂರರಲ್ಲಿ ಓಡುತ್ತಿತ್ತು" ಅಂದ.
ನಲವತ್ತು ಯೂರೋ. ಚೌಕಾಸಿ ಮಾಡಲಿಲ್ಲ;
ಆ ಚಳಿಯಲ್ಲಿ ಬಾಯಿ ತೆರೆದಷ್ಟೂ ನಷ್ಟ.

ಓಡಲಿಲ್ಲ.
ಪರದೆಯ ತುಂಬ ಗುಲಾಬಿ ಚೌಕ, ಹಸಿರು ಗೀರು,
ದರ್ಜಿ ಗುಡಿಸಿ ಹಾಕಿದ ಚಿಂದಿಬಟ್ಟೆ.
ಹೀಟ್‌ಸಿಂಕ್ ಕಿತ್ತರೆ ಅಡಿಯ ಪೇಸ್ಟು
ಗೋಡೆಸುಣ್ಣವಾಗಿ ಉದುರಿತು ಉಗುರಿಗೆ.
ಕೆಪಾಸಿಟರು ನಾಲ್ಕೂ ಉಬ್ಬಿ, ಒಂದರ ತಲೆಯೊಡೆದು
ಕಂದು ರಸ ಕಾರಿ ಒಣಗಿತ್ತು.
ಎಲ್ಲ ತೆಗೆದೆ.

ಆಮೇಲೆ ಓವನ್ನು. ಹೌದು, ರೊಟ್ಟಿ ಬೇಯುವುದೇ.
ಅಲ್ಯುಮಿನಿಯಂ ಹಾಳೆ ಉಂಡೆ ಕಟ್ಟಿ ನಾಲ್ಕು ಕಾಲು ಕೊಟ್ಟು
ಬರೀಮೈಯ ಕಾರ್ಡನ್ನು ನಿಲ್ಲಿಸಿದೆ ತಟ್ಟೆಯಲ್ಲಿ.
ಇನ್ನೂರು ಡಿಗ್ರಿ, ಎಂಟು ನಿಮಿಷ.
ಬದುಕಿದರೆ ಬದುಕಿತು, ಬೆಂದರೆ ಬೆಂದಿತು.
ಗಾಜಿಗೆ ಮೂಗು ಒತ್ತಿ ಕೂತೆ,
ಐವತ್ತಕ್ಕೆ ಎರಡು ವರ್ಷ ಕಡಿಮೆಯ ಗಂಡಸು.

ಹೊಸ ಕೆಪಾಸಿಟರು ಬೆಸೆವಾಗ ಒಂದು ತಿರುಗುಮುರುಗಾಗಿ
ಠಪ್ ಅಂದದ್ದು, ಎಡಹುಬ್ಬಿನ ತುದಿ ಸೀದದ್ದು
ಇಲ್ಲಿ ಹೇಳಬೇಕಾಗಿಲ್ಲ. ಹೇಳಿಬಿಟ್ಟೆ.

ಉಳಿದದ್ದು ಫ್ಯಾನು: ಬೆಂಕಿಪೊಟ್ಟಣದಷ್ಟು ಅಗಲ,
ಒಂದು ರೆಕ್ಕೆ ಮುರಿದದ್ದು, ಗುಡ್ಡ ಹತ್ತುವ ಲಾರಿಯ ಗಂಟಲು.
ಅದನ್ನು ಡ್ರಾಯರಿಗೆ ಹಾಕಿ
ತಾಮ್ರದ ದೊಡ್ಡ ಹೀಟ್‌ಸಿಂಕ್ ತಂದೆ, ಜೊತೆಗೆ
ಅಂಗೈಯಗಲದ ನಿಧಾನದ ಫ್ಯಾನು. ತಿರುಗಿದ್ದೇ ತಿಳಿಯದು.
ಶುಕ್ರವಾರ ತುಯಿರೆ ಬರುವವಳಿದ್ದಳು.

ಅಕ್ಕ. ಒಂದೇ ಕೋಣೆ ನಮಗೆ ಆಗ, ಮೇಲೊಂದು ಕೆಳಗೊಂದು ಮಂಚ.
ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪೇಪರು ಹಾಕುವವಳು
ರಾತ್ರಿಯಿಡೀ ನನ್ನ ಆಟದ ಗರಗರಕ್ಕೆ ಕಾಲುಚೀಲ ಎಸೆಯುತ್ತಿದ್ದಳು:
"ಆ ಗಿರಣಿ ನಿಲ್ಲಿಸೋ!"
ನಾನು ಒಂದು ದಿನವೂ ನಿಲ್ಲಿಸಲಿಲ್ಲ.

ಈಗ ಅವಳು ಹಿಮ ಒಡೆಯುವ ಹಡಗಿನಲ್ಲಿ ಎಂಜಿನ್ ನೋಡುವವಳು.
ಎರಡು ವಾರ ಸಮುದ್ರ, ಎರಡು ವಾರ ನೆಲ.
ನೆಲದ ಮೇಲೆ ನಿದ್ದೆ ಬರುವುದಿಲ್ಲ ಅನ್ನುತ್ತಾಳೆ;
ಡಾಕ್ಟರ ಮಾತ್ರೆ ಕೈಚೀಲದಲ್ಲೇ ಹಳತಾಗುತ್ತದೆ.

ಬಂದಳು. ಬೂಟು ಬಿಚ್ಚದೆ ಸೋಫಾದಲ್ಲಿ ಕೂತಳು.
ಗುಂಡಿ ಒತ್ತಿದೆ. ಬೀಪ್. ಮೆಮೊರಿ ಎಣಿಸಿಕೊಂಡಿತು
ಅರವತ್ತನಾಲ್ಕರವರೆಗೆ, ಜಿಪುಣ ಕಾಸು ಎಣಿಸಿದಂತೆ.
ಪರದೆಯಲ್ಲಿ ಮೊನಚು ಮೂಲೆಗಳ ಬೆಟ್ಟ, ಬೆಟ್ಟದ ಮೇಲೆ ಚೌಕಟ್ಟಾದ ಚಂದ್ರ.
ನನ್ನ ಎದೆ ಉಬ್ಬಿತ್ತು.
ತುಯಿರೆ ಪರದೆ ನೋಡಲೇ ಇಲ್ಲ,
ಪೆಟ್ಟಿಗೆಗೆ ಕಿವಿ ಕೊಟ್ಟಳು:
"ಕೆಟ್ಟಿದೆಯಾ? ಸದ್ದೇ ಇಲ್ಲವಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದೆ.
ಆಮೇಲೆ ಪೆಟ್ಟಿಗೆ ಆರಿಸಿ ಸ್ಕ್ರೂ ಬಿಚ್ಚಿದೆ.
ತಾಮ್ರ ಇಳಿಸಿ, ಹಳೆಯದನ್ನು ಡ್ರಾಯರಿನಿಂದ ತೆಗೆದು,
ನಡುವಿನ ಚೀಟಿ ಉಗುರಿನಲ್ಲಿ ಎಬ್ಬಿಸಿ
ಒಂದೇ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ.
ಎರಡು ಬಿಟ್ಟರೆ ಸದ್ದು ಪೂರಾ ಸತ್ತೀತು ಎಂಬ ಹೆದರಿಕೆ.
ಮುರಿದ ರೆಕ್ಕೆ ಹಾಗೇ ಇರಲಿ ಅಂದೆ.

ಗರ್ರ್‌ ಎಂದಿತು. ತಡವರಿಸಿತು. ಹಿಡಿಯಿತು ತನ್ನ ಗುಡ್ಡ.

ಮೂರನೇ ಹಂತ ದಾಟುವಷ್ಟರಲ್ಲಿ
ಅವಳ ಬಾಯಿ ಅರ್ಧ ತೆರೆದಿತ್ತು, ಬೂಟಿನಿಂದ ನೀರು ಇಳಿದು
ಚಾಪೆಯ ಮೇಲೊಂದು ನಕಾಶೆ.
ಹೀಟ್‌ಸಿಂಕ್ ಮುಟ್ಟಿದೆ: ಮೂರೆಣಿಸುವಷ್ಟರಲ್ಲಿ ಬೆರಳು ಸುಟ್ಟಿತು.
ಇಷ್ಟು ಚಿಕ್ಕ ಫ್ಯಾನಿಗೆ ಅದು ಸಾಧ್ಯವಿಲ್ಲದ ಕೆಲಸ.
ಕಿಟಕಿ ಎರಡು ಬೆರಳಗಲ ತೆರೆದು
ಪೆಟ್ಟಿಗೆಯನ್ನು ಗಾಳಿಗೆ ತಿರುಗಿಸಿದೆ,
ನನ್ನ ಹೊದಿಕೆ ಅವಳಿಗೆ ಹಾಕಿದೆ.

ಆಟ ಮುಗಿದು ಬಹಳ ಹೊತ್ತಾಯಿತು.
ಕೈ ಮರಗಟ್ಟಿದೆ, ಕಾಫಿ ತಣ್ಣಗಿದೆ.
ಏಳು ಗಂಟೆಗೆ ಕರೆಂಟಿನ ದರ ಏರುತ್ತದೆ.
ಏರಲಿ.