ಹೆಗಲಾಚೆ

ಚೆಂಡು ಕಾಲಿಗೆ ಬರುವ ಮೊದಲು
ಒಮ್ಮೆ ಹೆಗಲಾಚೆ ನೋಡುವುದು
ಮುನವ್ವರನ ಕತ್ತಿಗೆ ಅಂಟಿದ ಚಾಳಿ.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸಬ್ಬಸಿಗೆಗೆ ಚೌಕಾಸಿ ಮಾಡುವಾಗಲೂ
ಹಿಂದೆ ಯಾರಿದ್ದಾರೆ, ಎಲ್ಲಿ ಜಾಗ ಖಾಲಿ ಇದೆ
ಅವನಿಗೆ ಗೊತ್ತಿರಬೇಕು.

ಹದಿನಾಲ್ಕು ವರ್ಷ ಕ್ಯೂರಿಂಗ್ ವರ್ಕ್ಸ್ ತಂಡದ ನಡುವಿನಲ್ಲಿ ಆಡಿದ.
ಹಗಲು ಮೂಟೆ ತೂಗುವುದು, ಸಂಜೆ ಮೈದಾನ;
ಬೂಟಿನ ಹೊಲಿಗೆಯಲ್ಲಿ ಕಾಫಿ ಹೊಟ್ಟು.
ಹೊಡೆದ ಗೋಲು ಒಟ್ಟು ಮೂರು.
ಅದರಲ್ಲೊಂದು ನಮ್ಮದೇ ಬಲೆಗೆ.
ಕೀಪರ್ ನಾನೇ, ಇವತ್ತಿಗೂ ಬೈಯುತ್ತೇನೆ.
ಪೇಪರಿನವರು ಗೋಲು ಹೊಡೆದವರ ಹೆಸರು ಬರೆದುಕೊಂಡು
ಬಸ್ಸು ಹಿಡಿಯುತ್ತಿದ್ದರು.

ಅರಸೀಕೆರೆಯವರ ಮೇಲೆ ಆಡುವಾಗ ಮಂಡಿ ಹೋಯಿತು.
ಟಕ್ ಅಂದದ್ದು
ನನ್ನ ಕಂಬದವರೆಗೂ ಕೇಳಿಸಿತು.

ಈಗ ಬೆಳಗಿನ ಆರಕ್ಕೆ
ಪೆನ್ಷನ್ ಮೊಹಲ್ಲಾದಿಂದ ಹಳೇ ಟಿವಿಎಸ್ ಮೇಲೆ
ಬಲೆಚೀಲದ ತುಂಬ ಚೆಂಡು ಹೇರಿಕೊಂಡು ಬರುತ್ತಾನೆ.
(ಪೆನ್ಷನ್ನಿನ ಮಾತೆತ್ತಿದರೆ ನಗುತ್ತಾನೆ.)
ಇಪ್ಪತ್ತೆರಡು ಮಕ್ಕಳು. ಎಲ್ಲರಿಗೂ ಸ್ಟ್ರೈಕರ್ ಆಗಬೇಕು.
ಇವನೋ ಸೀಟಿ ಊದುವುದಿಲ್ಲ;
ಅವರ ಬೆನ್ನ ಹಿಂದೆ ನಿಂತು ಬೆರಳು ಎತ್ತುತ್ತಾನೆ:
"ಎಷ್ಟು? ನೋಡದೆ ಹೇಳಬೇಡ."
ವಾರಗಟ್ಟಲೆ ಬರೀ ಇದೇ.
ಫೀಸು ಕೊಟ್ಟ ಅಪ್ಪಂದಿರು ಗೊಣಗುತ್ತಾರೆ,
ಲೆಕ್ಕ ಕಲಿಯೋಕೆ ಸ್ಕೂಲಿಲ್ಲವಾ ಅಂತ.

ನಿನ್ನೆ, ಗಾರೆ ಜವರಯ್ಯನ ಮಗಳು ಯಶಿಕಾ
ಚೆಂಡು ಇನ್ನೂ ದಾರಿಯಲ್ಲಿದ್ದಾಗಲೇ ತಿರುಗಿ ನೋಡಿ
"ಮೂರು" ಎಂದಳು,
ಬಂದದ್ದನ್ನು ಹಾಗೇ ಎಡಕ್ಕೆ, ಯಾರೂ ಇಲ್ಲದ ಕಡೆಗೆ ಜಾರಿಸಿದಳು.
ಅಲ್ಲಿಗೆ ಯಾರೂ ಓಡಲಿಲ್ಲ.
ಚೆಂಡು ಚರಂಡಿಗೆ ಬಿತ್ತು, ಹುಡುಗರು ನಕ್ಕರು.

ಮುನವ್ವರ್ ಮಾತ್ರ ಕುಂಟು ಮರೆತು
ಗೆರೆಯೊಳಗೆ ಎರಡು ಹೆಜ್ಜೆ ಇಟ್ಟುಬಿಟ್ಟ.
ಆಮೇಲೆ ಆಚೆ ಬಂದ,
ಯಾರಾದರೂ ಕಂಡರೇನೋ ಎಂದು
ಒಮ್ಮೆ ಹಿಂದೆ ನೋಡಿಕೊಂಡು.